ಮಸೀದಿಯಂಗಳದ ಸಮರಕಲೆ: ಚೀನಾದ ಮುಸ್ಲಿಮರಿಂದ ನಾವು ಕಲಿಯಬೇಕಾದುದು

ಚೀನಾಕ್ಕೆ ಹೋಗಿಯಾದರೂ ವಿದ್ಯೆಯನ್ನು ಅರಸಬೇಕೆಂಬ ಮಾತನ್ನು ನಾವು ಬಾಲ್ಯದಿಂದಲೂ ಕೇಳುತ್ತಾ ಬಂದಿದ್ದೇವೆ. ಮದ್ರಸದ ವಾರ್ಷಿಕೋತ್ಸವಗಳಲ್ಲಿ, ವಿದ್ಯಾರ್ಥಿ ವೇತನ ವಿತರಣೆಯ ಸಭೆಗಳಲ್ಲಿ ಅದು ಪ್ರವಾದಿವರ್ಯರ(ಸ) ವಚನವೆಂದೇ ಉಲ್ಲೇಖಗೊಳ್ಳುತ್ತದೆ. ಆದರೆ ಹದೀಸ್ ವಿದ್ವಾಂಸರು ಅದರ ವರದಿ ಸರಣಿಯನ್ನು ಒಪ್ಪಿಲ್ಲ. ಆದ್ದರಿಂದ ಅದನ್ನು ಪ್ರವಾದಿಯವರ(ಸ) ಹೆಸರಿನಲ್ಲಿ ಹೇಳದಿರುವುದೇ ಸರಿಯಾದ ಕ್ರಮ. ಇಲ್ಲಿ ನಮ್ಮನ್ನು ಕಾಡುವುದು ಬೇರೊಂದು ವಿಷಯ. ಇಷ್ಟು ವರ್ಷಗಳಿಂದ ಚೀನಾದ ಹೆಸರನ್ನು ನಾಲಿಗೆಯ ಮೇಲಿಟ್ಟುಕೊಂಡಿರುವ ನಮಗೆ ಅಲ್ಲಿಯ ಮುಸ್ಲಿಮರ ಬಗ್ಗೆ ತಿಳಿದಿರುವುದೇನು? ಆ ದೇಶದಲ್ಲಿ ಹುಯಿ ಎಂದು ಕರೆಯಲ್ಪಡುವ ಮುಸ್ಲಿಮರೇ ಒಂದು ಕೋಟಿಗೂ ಹೆಚ್ಚಿದ್ದಾರೆ. ಚೀನೀ ಭಾಷೆಯನ್ನೇ ಮನೆಮಾತಾಗಿಸಿಕೊಂಡು, ಸಾವಿರ ವರ್ಷಗಳಿಗೂ ಮಿಕ್ಕಿದ ಇತಿಹಾಸವನ್ನು ಹೊತ್ತುಕೊಂಡು ಬಾಳುತ್ತಿರುವ ಜನರು ಅವರು. ಅವರು ಏನು ಕಲಿತರು, ಏನನ್ನು ಕಲಿಸಿದರು ಎಂಬುದನ್ನು ನಾವು ಕೇಳಿಯೇ ಇಲ್ಲ.

ನಮ್ಮ ಮಕ್ಕಳಿಗೆ ಚೀನಾ ಪರಿಚಯವಾಗಿರುವುದು ಬೇರೊಂದು ಬಾಗಿಲಿನಿಂದ. ಮೊಬೈಲಿನ ತೆರೆಯ ಮೇಲೆ ಹಾರಿ ಒದೆಯುವ ಕುಂಗ್‌ಫು ವೀರರಿಂದ ಅವರು ಚೀನಾವನ್ನು ಬಲ್ಲರು. ಈ ವಿದ್ಯೆ ಎಲ್ಲಿಂದ ಬಂತೆಂದು ಕೇಳಿದರೆ ಶಾವೊಲಿನ್ ಮಠದಿಂದ ಎನ್ನುತ್ತಾರೆ. ಇನ್ನೂ ಸ್ವಲ್ಪ ತಿಳಿದವರು ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನೆಂಬ ಭಿಕ್ಷುವೇ ಅದನ್ನು ಕಲಿಸಿದನೆಂದು ಹೆಮ್ಮೆಯಿಂದ ಸೇರಿಸುತ್ತಾರೆ. ಪೋಷಕರಲ್ಲಿ ಕೆಲವರಿಗೆ ಇದರಿಂದಲೇ ಅಳುಕು ಹುಟ್ಟುತ್ತದೆ. ಇದು ಬೌದ್ಧ ಮಠದ ವಿದ್ಯೆಯಾದರೆ ನಮ್ಮ ಮಕ್ಕಳು ಕಲಿಯಬಹುದೇ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯನ್ನು ಹಲವರು ನಮ್ಮ ಮುಂದಿಟ್ಟಿದ್ದಾರೆ. ಉತ್ತರಿಸುವ ಮೊದಲು ಆ ವಿದ್ಯೆಯ ತವರು ಯಾವುದೆಂಬುದನ್ನು ನಾವು ಪ್ರಾಮಾಣಿಕವಾಗಿ ಅರಿಯಬೇಕಾಗಿದೆ.

ವಾಸ್ತವದಲ್ಲಿ ಚೀನಾದ ಸಮರಕಲೆಗೆ ಒಂದೇ ತವರೂರಿಲ್ಲ. ಅಲ್ಲಿ ನೂರಾರು ಶೈಲಿಗಳಿವೆ. ಪ್ರತಿಯೊಂದರ ಬೆನ್ನ ಹಿಂದೆಯೂ ಒಂದು ಹಳ್ಳಿ, ಒಂದು ಮನೆತನ ಅಥವಾ ಒಂದು ಪೇಟೆ ಇದೆ. ದಕ್ಷಿಣದವರದು ಮುಷ್ಟಿ, ಉತ್ತರದವರದು ಕಾಲು ಎಂಬ ಅರ್ಥದ ನಾಣ್ಣುಡಿ ಚೀನಾದಲ್ಲಿ ಪ್ರಸಿದ್ಧವಾಗಿದೆ. ದಕ್ಷಿಣದ ಫುಜಿಯಾನ್ ಮತ್ತು ಗುವಾಂಗ್‌ಡೋಂಗ್ ಪ್ರಾಂತ್ಯಗಳಲ್ಲಿ ನೆಲಕ್ಕೆ ಬೇರೂರಿದಂತೆ ನಿಂತು ಕೈಗಳಿಂದ ಹೋರಾಡುವ ಶೈಲಿಗಳು ಬೆಳೆದವು. ಫುಜಿಯಾನಿನ ಯೋಂಗ್‌ಚುನ್ ಪ್ರದೇಶದ ಬಿಳಿ ಕೊಕ್ಕರೆ ಶೈಲಿ, ಗುವಾಂಗ್‌ಡೋಂಗ್‌ನ ಫೋಶಾನ್ ನಗರದಲ್ಲಿ ನೆಲೆಗೊಂಡ ವಿಂಗ್ ಚುನ್ ಶೈಲಿ ಈ ಬಗೆಯವು. ಉತ್ತರದ ವಿಶಾಲ ಬಯಲುಗಳಲ್ಲಿ ದೂರ ಜಿಗಿದು, ಕಾಲನ್ನು ಉದ್ದಕ್ಕೆ ಚಾಚಿ ಒದೆಯುವ ಶೈಲಿಗಳು ಹೆಚ್ಚು. ದಕ್ಷಿಣದಲ್ಲಿ ದೋಣಿಗಳೂ ಇಕ್ಕಟ್ಟಾದ ಓಣಿಗಳೂ ಇದ್ದವು, ಉತ್ತರದಲ್ಲಿ ಕುದುರೆಗಳೂ ಬಯಲೂ ಇದ್ದವು, ಅದರಿಂದಲೇ ಈ ವ್ಯತ್ಯಾಸವೆಂದು ಜನ ವಿವರಿಸುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಅದೇ ಪೂರ್ಣ ಸತ್ಯವಲ್ಲ. ಉತ್ತರದಲ್ಲೇ ಹುಟ್ಟಿದ ಕೆಲವು ಶೈಲಿಗಳು ಎದುರಾಳಿಯ ಎದೆಗೆ ಎದೆ ತಾಗುವಷ್ಟು ಹತ್ತಿರ ನಿಂತು ಮೊಣಕೈಯಿಂದಲೂ ಭುಜದಿಂದಲೂ ಹೊಡೆಯುವಂಥವು. ಕಲೆಯನ್ನು ರೂಪಿಸುವುದು ನೆಲ ಮಾತ್ರವಲ್ಲ. ಅಲ್ಲಿಯ ಜನ ಯಾರಿಗೆ ಹೆದರಿ ಬದುಕಿದರು, ಯಾವ ಕಸುಬಿನಿಂದ ಹೊಟ್ಟೆ ಹೊರೆದರು ಎಂಬುದೂ ಅದನ್ನು ರೂಪಿಸುತ್ತದೆ.

ಶಾವೊಲಿನ್ ಮಠದ ವಿಷಯವನ್ನೇ ನೋಡೋಣ. ಹೆನಾನ್ ಪ್ರಾಂತ್ಯದ ಸೋಂಗ್ ಪರ್ವತದ ಬಳಿ ಈ ಮಠ ಸ್ಥಾಪನೆಯಾದುದು 495ರಲ್ಲಿ. 621ರಲ್ಲಿ ಅಲ್ಲಿಯ ಭಿಕ್ಷುಗಳು ಮುಂದೆ ತಾಂಗ್ ಚಕ್ರವರ್ತಿಯಾದ ಲಿ ಶಿಮಿನ್‌ಗೆ ಯುದ್ಧದಲ್ಲಿ ನೆರವಾದರೆಂದು 728ರ ಶಿಲಾಶಾಸನ ಹೇಳುತ್ತದೆ. ಇದು ಇತಿಹಾಸ. ಆದರೆ ಬೋಧಿಧರ್ಮನೇ ಅವರಿಗೆ ವ್ಯಾಯಾಮವನ್ನು ಕಲಿಸಿದನೆಂಬ ಕಥೆ ಅವನ ಕಾಲಕ್ಕಿಂತ ಸಾವಿರ ವರ್ಷಗಳ ಬಳಿಕ, 1624ರ ಸುಮಾರಿಗೆ ರಚಿತವಾದ ಒಂದು ಅಂಗಸಾಧನೆಯ ಗ್ರಂಥದಿಂದ ಹರಡಿತು. ಚೀನಾದ ಇತಿಹಾಸಕಾರ ತಾಂಗ್ ಹಾವೊ 1930ರಲ್ಲೇ ಈ ಕಥೆಗೆ ಆಧಾರವಿಲ್ಲವೆಂದು ತೋರಿಸಿದರು. ಹಾಗೆಯೇ ತೈಚಿಯನ್ನು ವುಡಾಂಗ್ ಬೆಟ್ಟದ ತಾವೋ ಸಂನ್ಯಾಸಿಯೊಬ್ಬ ಕನಸಿನಲ್ಲಿ ಪಡೆದನೆಂಬ ಕಥೆಯಿದೆ. ಇತಿಹಾಸ ನಮ್ಮನ್ನು ಕರೆದೊಯ್ಯುವುದು ಬೆಟ್ಟಕ್ಕಲ್ಲ, ಹೆನಾನಿನ ಚೆನ್‌ಜಿಯಾಗೌ ಎಂಬ ರೈತರ ಹಳ್ಳಿಗೆ. ಹದಿನೇಳನೆಯ ಶತಮಾನದಲ್ಲಿ ಚೆನ್ ವಾಂಗ್‌ಟಿಂಗ್ ಎಂಬ ನಿವೃತ್ತ ಸೇನಾನಿಯ ಮನೆತನದಲ್ಲಿ ಬೆಳೆದ ಆ ಕಲೆ 2020ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಯನ್ನು ಸೇರಿತು.

ಪ್ರತಿಯೊಂದು ಶೈಲಿಯೂ ತನಗೆ ಒಬ್ಬ ಪವಿತ್ರ ಪುರುಷನನ್ನು ಮೂಲಪುರುಷನನ್ನಾಗಿ ಹುಡುಕಿಕೊಂಡಿತು. ಆದರೆ ಅದನ್ನು ನಿಜವಾಗಿ ಬೆವರು ಸುರಿಸಿ ಬೆಳೆಸಿದವರು ರೈತರು, ಸೈನಿಕರು, ವರ್ತಕರು, ಕಾವಲುಗಾರರು. ಸಮರಕಲೆ ಇಂಥದೊಂದೇ ಧರ್ಮದ ಸ್ವತ್ತೆಂಬ ಮಾತಿಗೆ ಇತಿಹಾಸದ ಬೆಂಬಲವಿಲ್ಲ. ಈ ಸರಳ ಸತ್ಯ ನಮ್ಮ ಪೋಷಕರ ಅಳುಕನ್ನು ಅರ್ಧದಷ್ಟು ಕಡಿಮೆ ಮಾಡುತ್ತದೆ. ಉಳಿದರ್ಧವನ್ನು ಕಡಿಮೆ ಮಾಡಲು ನಾವು ಹೆಬೈ ಪ್ರಾಂತ್ಯದ ತ್ಸಾಂಗ್‌ಝೌ ಪ್ರದೇಶಕ್ಕೆ ಹೋಗಬೇಕು.

ಬೋಹಾಯ್ ಸಮುದ್ರಕ್ಕೆ ಸಮೀಪದ ತ್ಸಾಂಗ್‌ಝೌ ಉಪ್ಪು ನೆಲದ ಬಡ ಸೀಮೆ. ಬೆಳೆ ಕೈಗೆ ಹತ್ತುವುದು ಖಚಿತವಿರಲಿಲ್ಲ. ಹಿಂದಿನ ಕಾಲದಲ್ಲಿ ಅಪರಾಧಿಗಳನ್ನು ಗಡಿಪಾರು ಮಾಡಿ ಕಳುಹಿಸುತ್ತಿದ್ದ ಜಾಗವೂ ಅದೇ. ಇನ್ನೊಂದೆಡೆ, ದಕ್ಷಿಣದ ಧಾನ್ಯವನ್ನು ಬೀಜಿಂಗ್‌ಗೆ ಒಯ್ಯುವ ಮಹಾಕಾಲುವೆ ಈ ಪಟ್ಟಣದ ಮೂಲಕವೇ ಹರಿಯುತ್ತಿತ್ತು. ಸರಕು ಸಾಗುವಲ್ಲಿ ದರೋಡೆಕೋರರಿರುತ್ತಾರೆ. ದರೋಡೆಕೋರರಿರುವಲ್ಲಿ ಕಾವಲಿನವರಿಗೆ ಕೆಲಸವಿರುತ್ತದೆ. ವರ್ತಕರ ಸರಕನ್ನು ಜೀವದ ಹೊಣೆಯ ಮೇಲೆ ಊರಿಂದೂರಿಗೆ ತಲುಪಿಸುವ ಕಾವಲು ಸಂಸ್ಥೆಗಳು ಹಿಂದಿನ ಚೀನಾದಲ್ಲಿ ಪ್ರಬಲವಾಗಿದ್ದವು. ಅವರ ಬಂಡಿಗಳು ಊರೂರು ದಾಟುವಾಗ ತಮ್ಮ ಸಂಸ್ಥೆಯ ಹೆಸರನ್ನು ಗಟ್ಟಿಯಾಗಿ ಕೂಗುತ್ತಾ ಸಾಗುವುದು ವಾಡಿಕೆ. ತ್ಸಾಂಗ್‌ಝೌ ಸೀಮೆಗೆ ಬಂದಾಗ ಮಾತ್ರ ಅವರು ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರೆಂಬ ಮಾತು ಇಂದಿಗೂ ಪ್ರಚಲಿತದಲ್ಲಿದೆ. ಆ ನೆಲದಲ್ಲಿ ತನ್ನ ಬಲವನ್ನು ಸಾರಿಕೊಳ್ಳುವುದು ಅವಿವೇಕವೆನಿಸುವಷ್ಟು ಮಲ್ಲರು ಅಲ್ಲಿದ್ದರು.

ಆ ಮಲ್ಲರಲ್ಲಿ ಹುಯಿ ಮುಸ್ಲಿಮರು ಎದ್ದು ಕಾಣುತ್ತಾರೆ. ಕೃಷಿಭೂಮಿ ಕಡಿಮೆಯಿದ್ದ ಅವರು ಕುದುರೆ, ಚರ್ಮ, ಮಾಂಸಗಳ ವ್ಯಾಪಾರದಲ್ಲೂ ಸರಕು ಸಾಗಣೆಯಲ್ಲೂ ತೊಡಗಿದ್ದರು. ದಾರಿಯೇ ಅವರ ಜೀವನವಾಗಿತ್ತು. ಊರಿನಲ್ಲಿ ಅವರು ಮಸೀದಿಯ ಸುತ್ತ ಒತ್ತೊತ್ತಾಗಿ ಮನೆ ಕಟ್ಟಿಕೊಂಡು ಬದುಕುತ್ತಿದ್ದ ಅಲ್ಪಸಂಖ್ಯಾತರು. ತಮ್ಮ ರಕ್ಷಣೆಗೆ ತಮ್ಮ ಮೈಯನ್ನೇ ಹುರಿಗೊಳಿಸಿಕೊಳ್ಳಬೇಕಾದ ಅನಿವಾರ್ಯತೆ ಅವರದಾಗಿತ್ತು. ತ್ಸಾಂಗ್‌ಝೌ ಸೀಮೆಯ ಮೆಂಗ್‌ತ್ಸುನ್ ಎಂಬಲ್ಲಿ ಹದಿನೆಂಟನೆಯ ಶತಮಾನದಲ್ಲಿ ವು ಝೋಂಗ್ ಎಂಬ ಮುಸ್ಲಿಮ್ ಗುರು ಬಾಜಿ ಎಂಬ ಶೈಲಿಯನ್ನು ಕಲಿಸಿದರು. ಮೊಣಕೈ ಮತ್ತು ಭುಜಗಳಿಂದ ಸನಿಹದ ಹೊಡೆತ ನೀಡುವ ಶೈಲಿಯೆಂದು ಮೇಲೆ ನಾವು ಹೇಳಿದುದು ಇದನ್ನೇ. ಮೆಂಗ್‌ತ್ಸುನ್ ಇಂದು ಹುಯಿ ಸ್ವಾಯತ್ತ ಜಿಲ್ಲೆಯಾಗಿದೆ. ಬಾಜಿ ಕಲಿಯುವವರು ಜಗತ್ತಿನ ನಾನಾ ಕಡೆಗಳಿಂದ ಅಲ್ಲಿಗೆ ಬರುತ್ತಾರೆ.

ನೆರೆಯ ಶಾಂಡೋಂಗ್ ಪ್ರಾಂತ್ಯದ ಗ್ವಾನ್ ಜಿಲ್ಲೆಯ ಚಾಚ್ಯುವಾನ್ ಶೈಲಿಯದು ಇನ್ನೊಂದು ಕಥೆ. ಅಲ್ಲಿಯ ಹುಯಿ ಹಿರಿಯರು ಹೇಳುವ ಪ್ರಕಾರ, ಮಿಂಗ್ ದೊರೆಗಳ ಕಾಲದಲ್ಲಿ ಕರಾವಳಿಯನ್ನು ಕೊಳ್ಳೆ ಹೊಡೆಯುತ್ತಿದ್ದ ಕಡಲ್ಗಳ್ಳರನ್ನು ಎದುರಿಸಲು ಪಶ್ಚಿಮದ ಗಡಿಸೀಮೆಯಿಂದ ಸೈನ್ಯವೊಂದು ಹೊರಟಿತು. ಅದರಲ್ಲಿದ್ದ ಚಾ ಮಿಅರ್ ಎಂಬ ಮುಸ್ಲಿಮ್ ಯೋಧ ದಾರಿಯಲ್ಲಿ ಕಾಯಿಲೆ ಬಿದ್ದನು. ಸೈನ್ಯ ಮುಂದೆ ಸಾಗಿತು. ಗ್ವಾನ್ ಜಿಲ್ಲೆಯ ಹಳ್ಳಿಗರು ಆ ಅಪರಿಚಿತನನ್ನು ಮನೆಗೆ ಒಯ್ದು ಶುಶ್ರೂಷೆ ಮಾಡಿ ಬದುಕಿಸಿದರು. ಋಣ ತೀರಿಸಲು ಅವನ ಬಳಿ ಹಣವಿರಲಿಲ್ಲ. ವಿದ್ಯೆಯಿತ್ತು. ಅದನ್ನು ಆ ಹಳ್ಳಿಯ ಮಕ್ಕಳಿಗೆ ಕಲಿಸಿದನು. ಅವನ ಬಳಿಕ ಆ ಕಲೆಗೆ ಅವನದೇ ಹೆಸರು ಉಳಿಯಿತು. ಇದು ದಾಖಲೆಯಿಂದ ಸಿದ್ಧವಾದ ಇತಿಹಾಸವಲ್ಲ, ಪೀಳಿಗೆಯಿಂದ ಪೀಳಿಗೆಗೆ ಬಂದ ನಿರೂಪಣೆ. ಬೋಧಿಧರ್ಮನ ಕಥೆಗೆ ನಾವು ಯಾವ ತಕ್ಕಡಿಯನ್ನು ಹಿಡಿದೆವೋ ಅದನ್ನೇ ನಮ್ಮವರ ಕಥೆಗೂ ಹಿಡಿಯಬೇಕು. ನ್ಯಾಯ ನಮಗೆ ವಿರುದ್ಧವಾಗಿದ್ದರೂ ಅದರ ಮೇಲೆಯೇ ನಿಲ್ಲಬೇಕೆಂಬುದು ಪವಿತ್ರ ಕುರ್‌ಆನ್ ನಮಗೆ ಕಲಿಸಿದ ಪಾಠವಲ್ಲವೇ? ಆದರೂ ಒಂದು ಸಮುದಾಯವು ತನ್ನ ಬಗ್ಗೆ ಯಾವ ಕಥೆಯನ್ನು ಹೇಳಿಕೊಳ್ಳುತ್ತದೆ ಎಂಬುದು ಆ ಸಮುದಾಯದ ಮನಸ್ಸನ್ನು ತೋರುತ್ತದೆ. ಗ್ವಾನ್ ಜಿಲ್ಲೆಯ ಮುಸ್ಲಿಮರು ಹೇಳಿಕೊಂಡುದು ಗೆದ್ದವನ ಕಥೆಯನ್ನಲ್ಲ. ರೋಗಿಯನ್ನು ಆರೈಕೆ ಮಾಡಿದವರ ಮತ್ತು ಉಪಕಾರವನ್ನು ಮರೆಯದವನ ಕಥೆಯನ್ನು ಅವರು ಹೇಳಿಕೊಂಡರು.

ಮೂರನೆಯ ನೆಲೆ ಹೆನಾನ್. ಶಾವೊಲಿನ್ ಮಠವಿರುವ ಅದೇ ಪ್ರಾಂತ್ಯ. ಹದಿನೆಂಟನೆಯ ಶತಮಾನದಲ್ಲಿ ಮಾ ಶುಯೆಲಿ ಎಂಬ ಮುಸ್ಲಿಮ್ ಗುರುವಿನಿಂದ ಬೆಳೆದ ಶಿನ್ಯಿ ಲಿಯುಹೆ ಎಂಬ ಶೈಲಿಯು ಲುವೊಯಾಂಗ್, ಲುಶಾನ್ ಮತ್ತು ಝೌಕೌ ಊರುಗಳ ಹುಯಿ ಕೇರಿಗಳಲ್ಲಿ ನೆಲೆಯೂರಿತು. ಬಹುಕಾಲ ಅದನ್ನು ಸಮುದಾಯದ ಹೊರಗಿನವರಿಗೆ ಕಲಿಸುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಝೌಕೌನ ಲು ಸೋಂಗ್‌ಗಾವೊ ಶಾಂಘೈಗೆ ಹೋಗಿ ನೆಲೆಸಿದರು. ಅಲ್ಲಿ ಅವರು ಮುಸ್ಲಿಮೇತರರಿಗೂ ಕಲಿಸತೊಡಗಿದರು. ಇಂದು ಈ ಶೈಲಿ ಹೊರಜಗತ್ತಿಗೆ ತಿಳಿದಿರುವುದು ಬಹುಮಟ್ಟಿಗೆ ಅವರ ಶಿಷ್ಯ ಪರಂಪರೆಯಿಂದ. ಬಾಗಿಲು ಮುಚ್ಚಿಕೊಂಡಿದ್ದಾಗ ವಿದ್ಯೆ ಕೇರಿಯನ್ನು ಕಾಯಿತು. ತೆರೆದಾಗ ವಿದ್ಯೆ ತಾನೂ ಉಳಿಯಿತು, ಕಲಿಸಿದವರ ಹೆಸರನ್ನೂ ಉಳಿಸಿತು. ಈ ಎರಡೂ ಹಂತಗಳಿಗೆ ಅವುಗಳದೇ ಆದ ಕಾರಣಗಳಿದ್ದವು. ಭಯದ ಕಾಲದಲ್ಲಿ ಹಾಕಿದ ಅಗುಳಿಯನ್ನು ಭಯ ಕಳೆದ ಮೇಲೂ ತೆಗೆಯದೆ ಕುಳಿತರೆ ಒಳಗಿನ ಧಾನ್ಯ ಮುಗ್ಗಲು ಹಿಡಿಯುತ್ತದೆ ಎಂಬುದನ್ನು ಲು ಸೋಂಗ್‌ಗಾವೊ ಅರಿತಿದ್ದರೆಂದು ನಮಗೆ ತೋರುತ್ತದೆ.

ಹುಯಿ ಸಮರಕಲೆಗಳಲ್ಲಿ ನಮ್ಮ ಮನಸ್ಸನ್ನು ಅತಿಯಾಗಿ ಸೆಳೆದುದು ಒಂದು ಚಿಕ್ಕ ವಿವರ. ಅವರ ಕೆಲವು ಶೈಲಿಗಳಲ್ಲಿ ಒಂದು ನಿಲುವಿಗೆ ತಾಂಗ್‌ಪಿಂಗ್ ಎಂದು ಹೆಸರು. ತಾಂಗ್‌ಪಿಂಗ್ ಎಂದರೆ ಹುಯಿ ಮನೆಗಳಲ್ಲಿ ವುಝೂ ಮಾಡಲು ನೀರು ತುಂಬಿಡುವ, ಹಿಡಿಕೆಯೂ ಕೊಳವೆ ಮೂತಿಯೂ ಇರುವ ಪಾತ್ರೆ. ನಮ್ಮ ಹಿರಿಯರ ಮನೆಗಳಲ್ಲಿ ಬಾವಿಕಟ್ಟೆಯ ಪಕ್ಕದಲ್ಲಿರುತ್ತಿದ್ದ ಗಿಂಡಿಯಂಥದು. ಒಂದು ಕೈಯನ್ನು ಹಿಡಿಕೆಯಂತೆ ಮಡಿಸಿ, ಇನ್ನೊಂದನ್ನು ಮೂತಿಯಂತೆ ಮುಂದೆ ಚಾಚಿ ನಿಂತರೆ ಮನುಷ್ಯನೇ ಗಿಂಡಿಯ ಆಕಾರ ತಳೆಯುತ್ತಾನೆ. ಹುಯಿಗಳ ಹೋಟೆಲುಗಳ ಫಲಕಗಳ ಮೇಲೂ ಹಿಂದೆ ಇದೇ ಪಾತ್ರೆಯ ಚಿತ್ರವಿರುತ್ತಿತ್ತು. ಅದನ್ನು ಕಂಡರೆ ಇದು ಮುಸ್ಲಿಮನ ಅಂಗಡಿ, ಇಲ್ಲಿ ಹಲಾಲ್ ಆಹಾರ ಸಿಗುತ್ತದೆ ಎಂದು ಪಯಣಿಗರು ತಿಳಿಯುತ್ತಿದ್ದರು.

ಹೋರಾಟದ ವಿದ್ಯೆಗೆ ಸಿಂಹ, ಹುಲಿ, ಗರುಡಗಳ ಹೆಸರಿಡುವುದು ಲೋಕರೂಢಿ. ಹುಯಿಗಳ ಶೈಲಿಗಳಲ್ಲೂ ಪ್ರಾಣಿಗಳ ಹೆಸರುಗಳಿವೆ. ಆದರೆ ಅವುಗಳ ನಡುವೆಯೇ ಅವರು ವುಝೂವಿನ ಪಾತ್ರೆಗೂ ಜಾಗ ಕೊಟ್ಟರು. ಮುಷ್ಟಿ ಎತ್ತುವವನಿಗೆ ನಮಾಝಿನ ನೆನಪಿರಲಿ, ಕೈ ಎತ್ತುವ ಮೊದಲು ಕೈ ಶುದ್ಧವಿರಲಿ ಎಂಬ ಬೋಧನೆ ಅದರಲ್ಲಿ ಅಡಗಿದೆಯೆಂದು ನಾವು ಭಾವಿಸುತ್ತೇವೆ. ಕಾಲಿನ ಹೊಡೆತಗಳಿಗೆ ಹೆಸರಾದ ತಾನ್‌ತುಯ್ ಎಂಬ ಅಭ್ಯಾಸಕ್ರಮದ ಬಗ್ಗೆಯೂ ಇಂಥದೇ ನಿರೂಪಣೆಯಿದೆ. ಅದರಲ್ಲಿ ಮೊದಲು ಅರಬಿ ವರ್ಣಮಾಲೆಯ 28 ಅಕ್ಷರಗಳಿಗೆ ಸರಿಯಾಗಿ 28 ವರಸೆಗಳಿದ್ದವೆಂದು ಹುಯಿ ಗುರುಗಳಲ್ಲಿ ಕೆಲವರು ಹೇಳುತ್ತಾರೆ. ಇದೂ ಪರಂಪರೆಯ ಮಾತೇ. ಆದರೆ ನಾನ್‌ಜಿಂಗ್‌ನಿಂದ ಬೀಜಿಂಗ್‌ವರೆಗೆ ಎಲ್ಲಿ ನೋಡಿದರೂ ತಾನ್‌ತುಯ್ ಬಂದಿರುವುದು ಮುಸ್ಲಿಮರ ಕಡೆಯಿಂದಲೇ ಎಂಬ ಅರ್ಥದ ನಾಣ್ಣುಡಿ ಚೀನೀ ಭಾಷೆಯಲ್ಲೇ ಇದೆ. ಅದನ್ನು ಮುಸ್ಲಿಮೇತರರೂ ಬಳಸುತ್ತಾರೆ. ನೆರೆಯವರ ನಾಲಿಗೆಯಿಂದ ಬರುವ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

ವ್ಯಕ್ತಿಗಳಲ್ಲಿ ವಾಂಗ್ ಝಿಪಿಂಗ್ ಅವರನ್ನು ಸ್ಮರಿಸದಿದ್ದರೆ ಈ ಚರ್ಚೆ ಅಪೂರ್ಣವಾದೀತು. 1881ರಲ್ಲಿ ತ್ಸಾಂಗ್‌ಝೌನಲ್ಲಿ ಜನಿಸಿ 1973ರಲ್ಲಿ ನಿಧನರಾದ ಅವರು ಚಾಚ್ಯುವಾನ್ ಶೈಲಿಯ ಮಹಾಗುರು. ವಿದೇಶೀ ಶಕ್ತಿಗಳು ಚೀನಾವನ್ನು ಹೀಯಾಳಿಸುತ್ತಿದ್ದ ದಿನಗಳಲ್ಲಿ ಪರದೇಶದ ಮಲ್ಲರನ್ನು ಎದುರಿಸಿದವರೆಂದು ಅವರ ಹೆಸರು ಜನಜನಿತವಾಯಿತು. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಕೇಂದ್ರೀಯ ಸಮರಕಲಾ ಸಂಸ್ಥೆ ಸ್ಥಾಪನೆಯಾದಾಗ ಅದರ ಶಾವೊಲಿನ್ ವಿಭಾಗಕ್ಕೆ ಅವರನ್ನೇ ಮುಖ್ಯಸ್ಥರನ್ನಾಗಿ ನೇಮಿಸಲಾಯಿತು. ಆ ಸಂಸ್ಥೆಯ ಅಧ್ಯಕ್ಷ ಝಾಂಗ್ ಝಿಜಿಯಾಂಗ್ ಕ್ರೈಸ್ತರಾಗಿದ್ದರು. ಬೌದ್ಧ ಮಠದ ಹೆಸರು ಹೊತ್ತ ವಿಭಾಗಕ್ಕೆ ಮುಸ್ಲಿಮ್ ಗುರು, ಇಡೀ ಸಂಸ್ಥೆಗೆ ಕ್ರೈಸ್ತ ಅಧ್ಯಕ್ಷ. ಯಾರೂ ತಮ್ಮ ಧರ್ಮವನ್ನು ಬಿಡಲಿಲ್ಲ, ಯಾರೂ ವಿದ್ಯೆಗೆ ಧರ್ಮದ ಬೇಲಿ ಹಾಕಲಿಲ್ಲ. 1960ರಲ್ಲಿ ಪ್ರಧಾನಿ ಚೌ ಎನ್‌ಲಾಯ್ ಬರ್ಮಾಕ್ಕೆ ಭೇಟಿ ನೀಡಿದಾಗ, ಎಪ್ಪತ್ತೊಂಬತ್ತರ ಪ್ರಾಯದ ವಾಂಗ್ ಅವರೂ ಆ ನಿಯೋಗದಲ್ಲಿದ್ದರು.

ಅವರ ಬದುಕಿನ ಇನ್ನೊಂದು ಮುಖ ನಮಗೆ ಇನ್ನೂ ಮುಖ್ಯವೆನಿಸುತ್ತದೆ. ಶಾಂಘೈಯಲ್ಲಿ ಅವರು ಮುರಿದ ಮೂಳೆ ಕೂಡಿಸುವ, ಉಳುಕಿದ ಕೀಲು ಸರಿಪಡಿಸುವ ವೈದ್ಯರಾಗಿದ್ದರು. ಮುಪ್ಪಿನಲ್ಲಿ ಮೈ ಸಡಿಲವಾಗಿರಲು ನೆರವಾಗುವ ಇಪ್ಪತ್ತು ಸರಳ ವ್ಯಾಯಾಮಗಳನ್ನೂ ರೂಪಿಸಿದರು. ಮೂಳೆ ಮುರಿಯಬಲ್ಲ ಕೈ ಮೂಳೆ ಕೂಡಿಸುವುದರಲ್ಲಿ ಆಯುಷ್ಯ ಸವೆಸಿತು. ಎದುರಾಳಿಯನ್ನು ನೆಲಕ್ಕೆ ಕೆಡಹುವವನಲ್ಲ, ಸಿಟ್ಟು ಬಂದಾಗ ತನ್ನನ್ನು ಹತೋಟಿಯಲ್ಲಿಟ್ಟುಕೊಳ್ಳುವವನೇ ನಿಜವಾದ ಶಕ್ತಿವಂತನೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದುದನ್ನು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳು ದಾಖಲಿಸಿವೆ. ಈ ಬೋಧನೆಯನ್ನು ಕೆಲವರು ದೇಹಬಲದ ನಿರಾಕರಣೆಯೆಂದು ಅರ್ಥೈಸುತ್ತಾರೆ. ಅದು ಸರಿಯಲ್ಲ. ಬಲಿಷ್ಠನಾದ ಸತ್ಯವಿಶ್ವಾಸಿಯು ದುರ್ಬಲನಾದ ಸತ್ಯವಿಶ್ವಾಸಿಗಿಂತ ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದೂ, ಇಬ್ಬರಲ್ಲೂ ಒಳಿತಿದೆಯೆಂದೂ ಪ್ರವಾದಿಯವರೇ(ಸ) ತಿಳಿಸಿದ್ದಾರೆ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಅರ್ಥ ಸ್ಪಷ್ಟವಾಗುತ್ತದೆ. ಬಲವಿರಬೇಕು, ಅದರ ಕಡಿವಾಣ ಈಮಾನಿನ ಕೈಯಲ್ಲಿರಬೇಕು.

ಈ ವಿಷಯದಲ್ಲಿ ನಮ್ಮ ಸಮುದಾಯದಲ್ಲಿ ಎರಡು ಬಗೆಯ ತಪ್ಪುಗಳನ್ನು ನಾವು ಕಾಣುತ್ತಿದ್ದೇವೆ. ಮೊದಲನೆಯದು ಬಡಾಯಿ. ಕುಂಗ್‌ಫು ಕಂಡುಹಿಡಿದವರೇ ಮುಸ್ಲಿಮರೆಂಬಂಥ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಅದು ಸುಳ್ಳು. ಹುಯಿ ಗುರುಗಳು ಚೀನಾದ ಸಮರಕಲೆಯೆಂಬ ದೊಡ್ಡ ಹೊಳೆಗೆ ಕೆಲವು ಮುಖ್ಯ ಉಪನದಿಗಳನ್ನು ಸೇರಿಸಿದರು. ಹೊಳೆ ಅವರೊಬ್ಬರದೇ ಅಲ್ಲ. ಅವರೂ ಹಾನ್ ಚೀನೀಯರಿಂದ ಕಲಿತರು, ಅವರಿಗೂ ಕಲಿಸಿದರು. ಶಿನ್ಯಿ ಪರಂಪರೆಯೇ ತನ್ನ ಮೂಲವನ್ನು ಶಾನ್ಶಿ ಪ್ರಾಂತ್ಯದ ಜಿ ಲೋಂಗ್‌ಫೆಂಗ್ ಎಂಬ ಹಾನ್ ವೀರನಲ್ಲಿ ಗುರುತಿಸುತ್ತದೆ. ಜನಾಂಗಗಳನ್ನೂ ಗೋತ್ರಗಳನ್ನೂ ಅಲ್ಲಾಹನು ಉಂಟುಮಾಡಿದುದು ಪರಸ್ಪರ ಅರಿತುಕೊಳ್ಳಲಿಕ್ಕೆಂದು ಕುರ್‌ಆನಿನ ಸೂರಃ ಅಲ್ ಹುಜುರಾತ್ ತಿಳಿಸುತ್ತದೆ. ಮೇಲ್ಮೆಯ ಅಳತೆಗೋಲು ತಖ್ವಾ ಮಾತ್ರ. ಪೂರ್ವಜರ ಮುಷ್ಟಿಬಲವನ್ನು ಹೇಳಿಕೊಂಡು ಬೀಗುವುದು ಆ ಅಳತೆಗೋಲನ್ನು ಮುರಿದಂತೆ.

ಎರಡನೆಯ ತಪ್ಪು ಅಂಜಿಕೆ. ಕರಾಟೆ, ಕುಂಗ್‌ಫು ಎಂದ ಕೂಡಲೇ ಅನ್ಯಧರ್ಮದ ಆಚರಣೆಯೆಂದು ಬಾಗಿಲು ಹಾಕುವುದು. ಇಲ್ಲಿ ವಿದ್ಯೆಯನ್ನೂ ಅದಕ್ಕೆ ಅಂಟಿಕೊಂಡ ಆಚರಣೆಯನ್ನೂ ಬೇರ್ಪಡಿಸುವ ವಿವೇಕ ನಮಗೆ ಬೇಕು. ಒದೆತಕ್ಕೂ ಹೊಡೆತಕ್ಕೂ ಧರ್ಮವಿಲ್ಲ. ಆದರೆ ಮೂರ್ತಿಯ ಮುಂದೆ ಧೂಪ ಹಚ್ಚುವುದು, ಸತ್ತ ಗುರುಗಳ ಪಟಕ್ಕೆ ತಲೆಬಾಗಿಸುವುದು ತೌಹೀದ್‌ಗೆ ಸಂಬಂಧಿಸಿದ ವಿಷಯ. ರುಕೂಅ್ ಮತ್ತು ಸುಜೂದ್ ಅಲ್ಲಾಹನಿಗೆ ಮಾತ್ರ ಸಲ್ಲುವಂಥವು. ತರಬೇತುದಾರರ ಬಳಿ ಈ ಮಾತನ್ನು ಮೊದಲೇ ಸೌಜನ್ಯದಿಂದ ಹೇಳಿದರೆ ಅರ್ಥಮಾಡಿಕೊಳ್ಳದವರು ವಿರಳ. ಬಾಗುವ ಬದಲು ಎದೆಯ ಮೇಲೆ ಕೈಯಿಟ್ಟು ಗೌರವ ಸೂಚಿಸಬಹುದು. ಇದರ ಜೊತೆಗೆ ಇನ್ನೂ ಕೆಲವು ಎಚ್ಚರಗಳಿವೆ. ತರಗತಿಯ ಹೊತ್ತು ನಮಾಝನ್ನು ನುಂಗಬಾರದು. ಉಡುಪು ಔರತ್ ಮುಚ್ಚುವಂತಿರಬೇಕು. ಮುಖಕ್ಕೆ ಹೊಡೆಯುವುದನ್ನು ಪ್ರವಾದಿವರ್ಯರು(ಸ) ಸ್ಪಷ್ಟವಾಗಿ ತಡೆದಿದ್ದಾರಾದ್ದರಿಂದ, ಎದುರಾಳಿಯ ಮುಖವನ್ನೇ ಗುರಿಯಾಗಿಸುವ ಸ್ಪರ್ಧೆಗಳಿಂದ ದೂರವಿರಬೇಕು. ಇಷ್ಟು ಗಡಿಗಳೊಳಗೆ ಕಲಿಯಲು ಅಡ್ಡಿಯಿಲ್ಲವೆಂಬುದು ನಮ್ಮ ಅಭಿಪ್ರಾಯ. ಸಂಶಯವಿರುವವರು ತಮ್ಮ ಊರಿನ ಉಲಮಾಗಳಲ್ಲಿ ವಿಚಾರಿಸಿಕೊಳ್ಳಲಿ.

ಈಗ ನಮ್ಮದೇ ಅಂಗಳದ ಮಾತಿಗೆ ಬರೋಣ. ಹುಯಿಗಳ ಕಲೆ ಬಹುಮಟ್ಟಿಗೆ ಉಳಿದು ಬಂದುದು ಮಸೀದಿಯ ಆಸುಪಾಸಿನಲ್ಲಿ. ನಮಾಝಿಗೆ ಬಂದವರು ಬಳಿಕ ಅಂಗಳದಲ್ಲಿ ಅಭ್ಯಾಸ ಮಾಡುತ್ತಿದ್ದರು. ಹಿರಿಯರ ಕಣ್ಣೆದುರು ಕಿರಿಯರು ಬೆಳೆಯುತ್ತಿದ್ದರು. ಇದು ಮಸೀದಿಯ ಪಾವಿತ್ರ್ಯಕ್ಕೆ ಧಕ್ಕೆಯೇ? ಈದ್ ದಿನ ಅಬಿಸೀನಿಯಾದ ಜನರು ಮಸ್ಜಿದುನ್ನಬವಿಯಲ್ಲಿಯೇ ಈಟಿಗಳೊಂದಿಗೆ ಆಟ ಪ್ರದರ್ಶಿಸಿದರು. ಪ್ರವಾದಿವರ್ಯರು(ಸ) ಸ್ವತಃ ನಿಂತು, ಆಯಿಶಾರಿಗೂ(ರ) ಅದನ್ನು ನೋಡಲು ಅನುವು ಮಾಡಿಕೊಟ್ಟರು. ತಡೆಯಹೊರಟ ಉಮರ್‌ರನ್ನು(ರ) ಸುಮ್ಮನಿರಿಸಿ, ಆಟ ಮುಂದುವರಿಯಗೊಟ್ಟರು. ಈ ಘಟನೆ ಸಹೀಹ್ ಗ್ರಂಥಗಳಲ್ಲಿದೆ. ನಮ್ಮ ಮಸೀದಿಗಳ ಆಡಳಿತ ಸಮಿತಿಗಳು ಇದನ್ನು ಒಮ್ಮೆ ಶಾಂತವಾಗಿ ಓದಬೇಕೆಂದು ನಾವು ವಿನಂತಿಸುತ್ತೇವೆ. ಇಶಾ ಮುಗಿದ ಕೂಡಲೇ ಗೇಟಿಗೆ ಬೀಗ ಬೀಳುತ್ತದೆ. ಅಂಗಳದಲ್ಲಿ ಓಡಿದ ಮಗುವಿಗೆ ಗದರಿಕೆ ಸಿಗುತ್ತದೆ. ನಂತರ ಅದೇ ಮಗು ಯೌವನಕ್ಕೆ ಬಂದು ಬೀದಿಯ ತುದಿಯ ಅಂಗಡಿಯ ಮುಂದೆ ನಿಂತು ಅಮಲಿಗೆ ಬಲಿಯಾದಾಗ, ಯುವಕರು ಮಸೀದಿಗೆ ಬರುತ್ತಿಲ್ಲವೆಂದು ನಾವೇ ಪ್ರವಚನ ಏರ್ಪಡಿಸುತ್ತೇವೆ. ಯಾರು ಯಾರನ್ನು ದೂರವಿಟ್ಟರು?

ನಮಗೂ ಈ ಪರಂಪರೆ ಹೊಸದಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಕುಸ್ತಿಯ ಗರಡಿಯನ್ನು ಇಂದಿಗೂ ತಾಲೀಮು ಎಂದೇ ಕರೆಯುತ್ತಾರೆ. ಅದು ತಅ್‌ಲೀಮ್ ಎಂಬ ಅರಬಿ ಪದ. ಅರ್ಥ, ಶಿಕ್ಷಣ. ಮದ್ರಸದಲ್ಲಿ ನಡೆಯುವುದಕ್ಕೂ ಮಟ್ಟಿಯ ಕೆಂಪು ಮಣ್ಣಿನಲ್ಲಿ ನಡೆಯುವುದಕ್ಕೂ ನಮ್ಮ ಹಿರಿಯರು ಒಂದೇ ಹೆಸರನ್ನು ಬಳಸಿದರು. ಆ ತಾಲೀಮಿನ ಮಣ್ಣಿನಲ್ಲಿ ಹಿಂದೂಗಳೂ ಮುಸ್ಲಿಮರೂ ಜೊತೆಯಾಗಿ ಸೆಣಸಿದರು, ಒಂದೇ ಉಸ್ತಾದರಿಂದ ಪಟ್ಟು ಕಲಿತರು. ಹೆನಾನ್ ಮತ್ತು ಶಾಂಘೈಗಳಲ್ಲಿ ನಡೆದುದರ ಇನ್ನೊಂದು ರೂಪ ನಮ್ಮಲ್ಲೇ ಇತ್ತು. ಅದನ್ನು ನಾವು ಮರೆಯುತ್ತಿದ್ದೇವೆ.

ಹೆಣ್ಣುಮಕ್ಕಳ ವಿಷಯದಲ್ಲಿಯೂ ಚೀನಾದ ಮುಸ್ಲಿಮರಿಂದ ಕಲಿಯುವುದಿದೆ. ವಾಂಗ್ ಝಿಪಿಂಗ್ ತಮ್ಮ ವಿದ್ಯೆಯನ್ನು ಮಗಳು ವಾಂಗ್ ಜ್ಯುರೋಂಗ್ ಅವರಿಗೆ ಧಾರೆಯೆರೆದರು. ಅವರು ಶಾಂಘೈಯ ದೈಹಿಕ ಶಿಕ್ಷಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ತಂದೆಯ ಕಲೆ ಮುಂದಿನ ಪೀಳಿಗೆಗಳಿಗೆ ದಾಟಿದುದು ಮಗಳ ಮೂಲಕ, ಮೊಮ್ಮಕ್ಕಳ ಮೂಲಕ. ಅದೇ ಹೆನಾನ್ ಪ್ರಾಂತ್ಯದ ಕೈಫೆಂಗ್‌ನಲ್ಲಿ 1820ರಷ್ಟು ಹಿಂದೆಯೇ ಸ್ತ್ರೀಯರಿಗಾಗಿ ಪ್ರತ್ಯೇಕ ಮಸೀದಿ ಇತ್ತೆಂಬುದನ್ನೂ ಇಲ್ಲಿ ನೆನೆಯಬಹುದು. ನಮ್ಮ ಹೆಣ್ಣುಮಕ್ಕಳು ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಾರೆ, ಕತ್ತಲಾದ ಮೇಲೆ ಕೆಲಸದಿಂದ ಮನೆಗೆ ಮರಳುತ್ತಾರೆ. ಅವರಿಗೆ ಎಚ್ಚರಿಕೆಯ ಮಾತುಗಳನ್ನು ನಾವು ಧಾರಾಳವಾಗಿ ಹೇಳುತ್ತೇವೆ. ತಮ್ಮನ್ನು ತಾವು ಕಾಪಾಡಿಕೊಳ್ಳುವ ವಿದ್ಯೆಯನ್ನು ಮಾತ್ರ ಕೊಡುವುದಿಲ್ಲ. ಮಹಿಳಾ ತರಬೇತುದಾರರನ್ನು ಹುಡುಕಿ, ಮದ್ರಸದ ಸಭಾಂಗಣವನ್ನು ವಾರಕ್ಕೆ ಎರಡು ಸಂಜೆ ಬಿಟ್ಟುಕೊಡುವುದು ಯಾವ ಜಮಾಅತಿಗೂ ಭಾರವಾಗಲಾರದು.

ಕೊನೆಯದಾಗಿ ಒಂದು ನೋವಿನ ಮಾತು. ತ್ಸಾಂಗ್‌ಝೌನ ಸಮರಕಲೆ 2006ರಲ್ಲಿ ಚೀನಾದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತು. ಗ್ವಾನ್ ಜಿಲ್ಲೆಯ ಚಾಚ್ಯುವಾನ್‌ಗೂ ಎರಡು ವರ್ಷಗಳ ಬಳಿಕ ಅದೇ ಮನ್ನಣೆ ದೊರೆಯಿತು. ಇದು ಸಂತೋಷದ ವಿಷಯವೇ. ಆದರೆ ಬಳಿಕದ ವರ್ಷಗಳಲ್ಲಿ ಅದೇ ದೇಶದ ಹಲವು ಮಸೀದಿಗಳ ಗುಂಬಜುಗಳನ್ನೂ ಮಿನಾರಗಳನ್ನೂ ತೆಗೆದು ಹಾಕಲಾಯಿತು. ನಿಂಗ್‌ಶಿಯಾದ ವೈಝೌ ಪಟ್ಟಣದ ದೊಡ್ಡ ಮಸೀದಿಯನ್ನು ಉಳಿಸಿಕೊಳ್ಳಲು 2018ರಲ್ಲಿ ಹುಯಿ ಜನರು ಅದರ ಮುಂದೆ ನೆರೆದಿದ್ದರು. ಬಳಿಕ ಅದರ ಗುಂಬಜುಗಳೂ ಉಳಿಯಲಿಲ್ಲ. ಮಸೀದಿಯಂಗಳದಲ್ಲಿ ಬೆಳೆದ ಕಲೆಗೆ ಪ್ರಶಸ್ತಿಪತ್ರ, ಮಸೀದಿಗೆ ಸಂಶಯದ ನೋಟ. ಮರದ ನೆರಳನ್ನು ಬಯಸುವವರು ಬೇರಿಗೆ ಕೊಡಲಿ ಹಾಕಬಾರದು. ಅಲ್ಪಸಂಖ್ಯಾತರ ಹಾಡು, ಅಡುಗೆ, ಕುಸ್ತಿಗಳನ್ನು ಮೆಚ್ಚಿ, ಅವರ ಪ್ರಾರ್ಥನೆಯನ್ನು ಮಾತ್ರ ಒಲ್ಲೆನೆನ್ನುವ ಮನೋಭಾವ ಯಾವ ದೇಶದಲ್ಲಿದ್ದರೂ ನ್ಯಾಯವಲ್ಲ.

ಹೊರಗಿನವರ ಅನ್ಯಾಯದ ಬಗ್ಗೆ ಮಾತನಾಡಿ ಸುಮ್ಮನಾಗುವುದು ನಮಗೆ ಸುಲಭ. ಅದಕ್ಕಿಂತ ಕಷ್ಟದ ಕೆಲಸ ನಮ್ಮ ಕೈಯಲ್ಲೇ ಇದೆ. ನಮ್ಮ ಅಂಗಳಗಳಿಗೆ ಬೀಗ ಹಾಕಿದವರು ಬೇರಾರೂ ಅಲ್ಲ. ಕೀಲಿಕೈ ನಮ್ಮ ಬಳಿಯೇ ಇದೆ. ಈ ವಾರ ಜುಮುಅ ಮುಗಿದ ಮೇಲೆ ಪ್ರತಿಯೊಂದು ಊರಿನಲ್ಲಿಯೂ ನಾಲ್ಕು ಮಂದಿ ತಂದೆಯಂದಿರು ಕುಳಿತು, ನಮ್ಮ ಮಕ್ಕಳ ಮೈಗೂ ಮನಸ್ಸಿಗೂ ತಾಲೀಮು ಕೊಡಲು ಏನು ಮಾಡಬಹುದೆಂದು ಯೋಚಿಸಿದರೆ ಸಾಕು. ದೂರದ ತ್ಸಾಂಗ್‌ಝೌನ ಬಡ ಮುಸ್ಲಿಮರು ಉಪ್ಪು ನೆಲದಲ್ಲಿ ಬೆಳೆಸಿದುದನ್ನು ನಾವು ಫಲವತ್ತಾದ ನೆಲದಲ್ಲಿ ಬೆಳೆಸಲಾರೆವೇ?

ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯವಂತ ದೇಹವನ್ನೂ ವಿನಯವಂತ ಹೃದಯವನ್ನೂ ಕರುಣಿಸಲಿ. ಕೈಗೆ ಬಲವನ್ನು ಕೊಟ್ಟಂತೆ ಆ ಬಲವನ್ನು ತಡೆಹಿಡಿಯುವ ವಿವೇಕವನ್ನೂ ಕೊಡಲಿ. ಆಮೀನ್.